ಗಾಡಿ ಕೈಮಾತು ಕೇಳಬೇಕೇ? ಗಡಿಸೀಮೆಯ ಯುವಕರಿಗೆ ಏಳು ಸೂತ್ರ

ಅಥಣಿ, ರಾಯಬಾಗ ಸೀಮೆಯ ಜಾತ್ರೆಗಳಲ್ಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಸ್ಪರ್ಧೆ ಇದ್ದರೆ ಜನ ಮುಗಿಬೀಳುತ್ತಾರೆ. ರೀಲ್ಸ್‌ನಲ್ಲಿ ಟೈರ್ ಸುಡುವವನಿಗಿಂತ ಆ ಚಾಲಕನೇ ದೊಡ್ಡ ಸ್ಟಂಟ್‌ಗಾರ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಹಿಡಿತ ಕಲಿಯುವ ಆಸೆಯಿದ್ದರೆ ಮೊದಲು ಕಾರಿನಲ್ಲಿ ಹೀಗೆ ಶುರುಮಾಡಿ.

1. ಜಾಗ ಮೊದಲು, ಗಾಡಿ ಆಮೇಲೆ. ನಿಪ್ಪಾಣಿಯ ಹೆದ್ದಾರಿ, ತವಂದಿ ಘಾಟ್, ಸಕ್ಕರೆ ಕಾರ್ಖಾನೆಯ ರಸ್ತೆ ಯಾವುದೂ ಬೇಡ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಮೊದಲ ಸಲವೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಮಾಲೀಕರ ಒಪ್ಪಿಗೆ ಪಡೆದು ಗಟ್ಟಿನೆಲದ ಬಯಲು ಹುಡುಕಿ, ಮೊದಲು ಅದರಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿ ಬನ್ನಿ. ತೆರೆದ ಬಾವಿ, ಬೋರ್‌ವೆಲ್ ಪೈಪು, ಕರೆಂಟ್ ಕಂಬ ಹತ್ತಿರ ಇರಬಾರದು. ಕಬ್ಬು ಕಡಿದ ಎರಿ ಹೊಲವೂ ಬೇಡ: ಅಡ್ಡ ಜಾರುವ ಗಾಲಿ ಸಾಲಿನಲ್ಲಿ ಸಿಕ್ಕಿಕೊಂಡರೆ ಕಾರು ಪಲ್ಟಿಯಾಗುತ್ತದೆ.

2. ಕೂರುವುದನ್ನು ಕಲಿಯಿರಿ. ಬೆನ್ನು ಸೀಟಿಗೆ ಅಂಟಿರಬೇಕು, ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ತಾಗಬೇಕು. ಬೆಲ್ಟ್ ಕಡ್ಡಾಯ.

3. ಮುಂದಕ್ಕೆ ಹಾರುವ ಮುನ್ನ ಹಿಂದಕ್ಕೆ ಬನ್ನಿ. ಹೊಟ್ಟು ತುಂಬಿದ ಗೊಬ್ಬರದ ಚೀಲಗಳನ್ನು ಎರಡು ಸಾಲಿನಲ್ಲಿ ಇಟ್ಟು, ನಡುವೆ ರಿವರ್ಸ್ ಹಾಕಿ. ಕನ್ನಡಿಯನ್ನೇ ನಂಬಿ. ಕಾರು ಪಳಗಿದ ಮೇಲೆ ಅನುಭವಿ ಚಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂಟಿ ಆಕ್ಸಲ್ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹತ್ತಿ. ಟ್ರೇಲರಿನ ಹಿಂಬದಿ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಮೊದಲು ಬಲಕ್ಕೆ ತಿರುಗಬೇಕು. ಅದು ಹೊರಳತೊಡಗಿದ ಕ್ಷಣವೇ ಎಡಕ್ಕೆ ಎಳೆದು ಹಿಂಬಾಲಿಸಬೇಕು. ತುಸು ತಡವಾದರೂ ಟ್ರ್ಯಾಕ್ಟರ್-ಟ್ರೇಲರ್ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಹಾಗಾದಾಗ ಸ್ಟಿಯರಿಂಗ್ ತಿರುವುತ್ತ ಒದ್ದಾಡಬೇಡಿ, ಮುಂದಕ್ಕೆ ಎಳೆದು ನೇರ ಮಾಡಿಕೊಳ್ಳಿ. ಅವಸರದ ಕೈಗೆ ಈ ವಿದ್ಯೆ ಒಲಿಯುವುದಿಲ್ಲ.

4. ಬ್ರೇಕಿನ ಲೆಕ್ಕ ತಿಳಿಯಿರಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರ ನಾಲ್ಕು ಪಟ್ಟು. ಒಣ ಡಾಂಬರಿನ ಮೇಲೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ ಸುಮಾರು 9 ಮೀಟರ್ ಸಾಕಾದರೆ 80ರಲ್ಲಿ 36 ಬೇಕು. ಎಬಿಎಸ್ ಇದ್ದರೆ ಪೆಡಲ್ ಬಲವಾಗಿ ಒತ್ತಿ ಹಿಡಿಯಿರಿ. ಕಾಲಡಿ ಪೆಡಲ್ ಅದುರಿದರೆ ಬಿಡಬೇಡಿ, ಎಬಿಎಸ್ ಕೆಲಸ ಮಾಡುತ್ತಿದೆ ಎಂದರ್ಥ.

5. ಜಾರಿದಾಗ ಕಣ್ಣು ದಾರಿಯ ಮೇಲಿರಲಿ, ಕಂಬದ ಮೇಲಲ್ಲ. ಹಿಂಬದಿ ಯಾವ ಕಡೆ ಜಾರುತ್ತಿದೆಯೋ ಅದೇ ಕಡೆ ಸ್ಟಿಯರಿಂಗ್ ತಿರುಗಿಸಿ. ಮುಂಗಾಲಿ ಜಾರಿ ಕಾರು ನೇರ ನುಗ್ಗಿದರೆ ಎಕ್ಸಲರೇಟರ್ ಬಿಟ್ಟು ಸ್ಟಿಯರಿಂಗ್ ತುಸು ಸಡಿಲಿಸಿ. ತರಬೇತುದಾರರಿಲ್ಲದೆ ಇದರ ಅಭ್ಯಾಸಕ್ಕೆ ಇಳಿಯಬೇಡಿ. ಹ್ಯಾಂಡ್‌ಬ್ರೇಕ್ ಎಳೆದು ಗಿರಕಿ ಹೊಡೆಯುವುದಂತೂ ಇನ್ನೂ ದೂರದ ಮಾತು.

6. ಸ್ಪರ್ಧಿಸುವ ಹಂಬಲವಿದ್ದರೆ ರಾಜಮಾರ್ಗ ಹಿಡಿಯಿರಿ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡೆಗಳ ಒಕ್ಕೂಟ) ಪರವಾನಗಿ ಪಡೆದು, ಗುರುತಿಸಿದ ಬಯಲು ಹಾದಿಯಲ್ಲಿ ಸಮಯದ ವಿರುದ್ಧ ಓಡಿಸುವ ಆಟೋಕ್ರಾಸ್‌ನಿಂದ ಆರಂಭಿಸಬಹುದು. ಬೆಂಗಳೂರಿನ ಕರ್ಣ ಕಡೂರ್ ರ‍್ಯಾಲಿ ಚಾಲಕರಾಗಿ, ಕಾಸರಗೋಡಿನ ಮೂಸಾ ಶರೀಫ್ ಪಕ್ಕದ ಸೀಟಿನಲ್ಲಿ ಕೂತು ಮುಂದಿನ ತಿರುವು ಓದಿ ಹೇಳುವ ಸಹಚಾಲಕರಾಗಿ ಹೆಸರು ಮಾಡಿದ್ದಾರೆ. ಇಬ್ಬರೂ ಮುಚ್ಚಿದ ರಸ್ತೆಯಲ್ಲಿ, ಹೆಲ್ಮೆಟ್ ಹಾಕಿಯೇ ಗೆದ್ದವರು.

7. ಕಲಿತದ್ದು ಕಬ್ಬಿನ ಹಂಗಾಮಿನಲ್ಲಿ ಕಾಣಲಿ. ಚಿಕ್ಕೋಡಿ, ಕಾಗವಾಡ ರಸ್ತೆಗಳಲ್ಲಿ ರಾತ್ರಿ ಜೋಡಿ ಟ್ರೇಲರ್‌ಗಳು ಹಿಂದೀಪವಿಲ್ಲದೆಯೂ ಸಾಗುತ್ತವೆ. ಹೆಡ್‌ಲೈಟ್ ಬೆಳಕು ಬೀಳುವಷ್ಟು ದೂರದೊಳಗೆ ನಿಲ್ಲುವ ವೇಗದಲ್ಲೇ ಹೋಗಿ. ಟ್ರ್ಯಾಕ್ಟರ್ ನಿಮ್ಮದೇ ಆಗಿದ್ದರೆ ಇಂದೇ ಹಿಂದಿನ ಟ್ರೇಲರಿಗೆ ರಿಫ್ಲೆಕ್ಟರ್ ಅಂಟಿಸಿ.