ಸಮ್ಮರ್ಲಿನ್‌ನಲ್ಲಿ ಮನೆ ಕೊಳ್ಳುವ ಮುನ್ನ
ಅಮೆರಿಕದ ಲಾಸ್ ವೇಗಸ್ ಕಣಿವೆಯ ಪಶ್ಚಿಮ ಅಂಚಿನಲ್ಲಿ ಸುಮಾರು 22,500 ಎಕರೆಯಷ್ಟು ಹರಡಿರುವ ಸಮ್ಮರ್ಲಿನ್ ಒಂದು ಸಮಗ್ರ ಯೋಜಿತ ಬಡಾವಣೆ, ಅಂದರೆ ರಸ್ತೆ, ಶಾಲೆ, ಉದ್ಯಾನ, ಅಂಗಡಿಗಳೆಲ್ಲವನ್ನೂ ಮೊದಲೇ ಒಂದೇ ನಕ್ಷೆಯಲ್ಲಿ ನಿಗದಿಪಡಿಸಿ ಹಂತಹಂತವಾಗಿ ಕಟ್ಟುವ ವಸತಿ ಪ್ರದೇಶ. ಅಲ್ಲಿ ಐಷಾರಾಮಿ ಮನೆ ಅರಸುವವರು ಗೇಟಿನ ವೈಭವಕ್ಕೆ ಮಾರುಹೋಗದೆ ಮೊದಲು ಶುಲ್ಕಗಳ ವಿವರ ಕೇಳುವುದು ಲೇಸು. ಏಕೆಂದರೆ ಇಡೀ ಬಡಾವಣೆಯ ನಿವಾಸಿಗಳ ಸಂಘಕ್ಕೆ ಒಂದು ವಂತಿಗೆಯನ್ನೂ, ದಿ ರಿಡ್ಜಸ್‌ನಂಥ ಕಾವಲುಳ್ಳ ಉಪಬಡಾವಣೆಯ ಸಂಘಕ್ಕೆ ಮತ್ತೊಂದನ್ನೂ ಸಲ್ಲಿಸಬೇಕಾಗುತ್ತದೆ, ಜೊತೆಗೆ ರಸ್ತೆ, ಚರಂಡಿಗಳ ನಿರ್ಮಾಣದ ಸಾಲ ತೀರಿಸಲು ನಿವೇಶನದ ಮೇಲೆ ಹೇರಿದ ವಿಶೇಷ ಅಭಿವೃದ್ಧಿ ಕರವೂ ಕೆಲವೆಡೆ ಬಾಕಿ ಇರುತ್ತದೆ. ಗಾಲ್ಫ್ ಮೈದಾನದ ಪಕ್ಕದ ಮನೆ ಕೊಂಡ ಮಾತ್ರಕ್ಕೆ ಕ್ಲಬ್ಬಿನ ಸದಸ್ಯತ್ವ ತಾನಾಗಿ ಬರುತ್ತದೆಂದು ಭಾವಿಸಬಾರದು. ಎಲ್ಲಕ್ಕಿಂತ ಮುಖ್ಯವಾದುದು ದಿಕ್ಕು: ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಆ ಮರುಭೂಮಿಯಲ್ಲಿ, ರೆಡ್ ರಾಕ್ ಬೆಟ್ಟಗಳ ನೋಟಕ್ಕೆಂದು ಪಶ್ಚಿಮಕ್ಕೆ ತೆರೆದಿಟ್ಟ ಹಿತ್ತಿಲಿನ ಹಾಸುಗಲ್ಲು ಇಳಿಹೊತ್ತಿನಲ್ಲಿ ಬರಿಗಾಲಿಡಲಾಗದಷ್ಟು ಕಾದಿರುತ್ತದೆ, ದೊಡ್ಡ ಗಾಜಿನ ಗೋಡೆಯ ಮೂಲಕ ಆ ಧಗೆ ಒಳಕೋಣೆಗೂ ನುಗ್ಗುತ್ತದೆ. ಆದ್ದರಿಂದ ಕೊಳ್ಳುವವರು ಜುಲೈ ತಿಂಗಳ ಒಂದು ಅಪರಾಹ್ನ ಅದೇ ಹಿತ್ತಿಲಿನಲ್ಲಿ ಅರ್ಧ ಗಂಟೆ ಕಳೆದು, ಸಂಘದ ನಿಯಮಾವಳಿಯನ್ನು ಪೂರ್ತಿ ಓದಿದ ಬಳಿಕವೇ ಮುಂಗಡ ಕೊಡುವುದು ಉಚಿತ.