ತೆರೆಯದ ಪೆನ್ ಡ್ರೈವ್: ಫಾರ್ಮ್ಯಾಟ್ ಮಾಡುವ ಮುನ್ನ ವರ್ತಕರು ಅರಿಯಬೇಕಾದ ಸಂಗತಿಗಳು

ವ್ಯಾಪಾರದ ಲೆಕ್ಕವು ಕೆಂಪು ಬಟ್ಟೆಯ ಖಾತೆ ಪುಸ್ತಕದಿಂದ ಗಣಕಯಂತ್ರಕ್ಕೆ ಬಂದು ಬಹಳ ಕಾಲವಾಯಿತು. ಯುಎಸ್‌ಬಿ ಪೆನ್ ಡ್ರೈವ್ ಮಾರುಕಟ್ಟೆಗೆ ಬಂದದ್ದು 2000ನೇ ಇಸವಿಯಲ್ಲಿ. ಆಗ ಅದರ ಸಾಮರ್ಥ್ಯ ಕೇವಲ 8 ಮೆಗಾಬೈಟ್‌ನಷ್ಟಿತ್ತು. ಇಂದು ಅಂಗೈಯಲ್ಲಿ ಅಡಗುವ ಅದೇ ಸಾಧನದಲ್ಲಿ ಒಂದು ಸಂಸ್ಥೆಯ ಹತ್ತಾರು ವರ್ಷಗಳ ಲೆಕ್ಕವನ್ನು ತುಂಬಿಡಬಹುದು. ಈ ಅನುಕೂಲವೇ ಅಪಾಯದ ಮೂಲವೂ ಆಗಿದೆ. ಒಂದು ದಿನ ಪೆನ್ ಡ್ರೈವ್ ತೆರೆಯದೆ, ಫಾರ್ಮ್ಯಾಟ್ ಸಹ ಆಗದೆ ಹೋದರೆ ವರ್ತಕರ ಕೈಯಲ್ಲಿ ಉಳಿಯುವುದು ಒಂದು ಪ್ಲಾಸ್ಟಿಕ್ ತುಂಡು ಮಾತ್ರ.

ಉದಾಹರಣೆಗೆ ಒಂದು ಅಡಿಕೆ ಮಂಡಿಯನ್ನು ತೆಗೆದುಕೊಳ್ಳಬಹುದು. ಗುಮಾಸ್ತರು ಟ್ಯಾಲಿಯ ದತ್ತಾಂಶವನ್ನು ಪೆನ್ ಡ್ರೈವ್‌ನಲ್ಲಿಯೇ ಇಟ್ಟುಕೊಂಡು ಹಗಲು ಮಂಡಿಯಲ್ಲಿ, ಸಂಜೆ ಮನೆಯಲ್ಲಿ ಲೆಕ್ಕ ಬರೆಯುತ್ತಾರೆ. ಲೆಕ್ಕಪರಿಶೋಧನೆಯ ದಿನ ಸಮೀಪಿಸಿದಾಗ ಅದನ್ನು ಪರಿಶೋಧಕರ ಕಚೇರಿಗೆ ಒಯ್ಯುತ್ತಾರೆ. ಅಲ್ಲಿ ಪರದೆಯ ಮೇಲೆ, ಈ ಡ್ರೈವ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ಆ ಕ್ಷಣದಲ್ಲಿ ಒತ್ತುವ ಒಂದು ಗುಂಡಿಯು ವರ್ಷದ ಲೆಕ್ಕದ ಅಳಿವು ಉಳಿವನ್ನು ನಿರ್ಧರಿಸುತ್ತದೆ.

ಮೊದಲ ಪ್ರಶ್ನೆ: ಒಳಗಿರುವುದು ಬೇಕೆ, ಬೇಡವೆ?

ಪೆನ್ ಡ್ರೈವನ್ನು ಸರಿಪಡಿಸುವುದು ಮತ್ತು ಅದರೊಳಗಿನ ದತ್ತಾಂಶವನ್ನು ಉಳಿಸುವುದು ಎರಡು ಬೇರೆ ಬೇರೆ ಕೆಲಸಗಳು. ಅನೇಕ ವೇಳೆ ಇವು ಪರಸ್ಪರ ವಿರುದ್ಧವಾದವು. ಫಾರ್ಮ್ಯಾಟ್ ಮಾಡಿದರೆ ಡ್ರೈವ್ ಸರಿಹೋಗಬಹುದು, ಆದರೆ ಲೆಕ್ಕ ಹೋಗುತ್ತದೆ. ಬೇರೆಡೆ ಪ್ರತಿ ಇದೆಯೆಂಬುದನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳುವವರೆಗೆ ಫಾರ್ಮ್ಯಾಟ್ ಸೂಚನೆಗೆ 'ಕ್ಯಾನ್ಸಲ್' ಎಂಬುದೊಂದೇ ಸರಿಯಾದ ಉತ್ತರ. ದೋಷ ಕಂಡ ಡ್ರೈವ್‌ಗೆ ಹೊಸ ಕಡತವನ್ನು ಬರೆಯುವುದೂ ಸಲ್ಲದು. ದೋಷ ಸರಿಪಡಿಸುವ 'ಚೆಕ್ ಡಿಸ್ಕ್' ಆಜ್ಞೆಯೂ ಡ್ರೈವ್‌ನ ಮೇಲೆ ಬರೆಯುತ್ತದೆ. ಆದುದರಿಂದ ಅದನ್ನೂ ಮೊದಲೇ ಪ್ರಯೋಗಿಸಬಾರದು.

ದೋಷವು ಎಲ್ಲಿದೆ?

ಪೆನ್ ಡ್ರೈವ್‌ನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ: ಗಣಕಯಂತ್ರಕ್ಕೆ ಸೇರಿಸುವ ತುದಿ, ದತ್ತಾಂಶ ಕೂಡಿಡುವ ಫ್ಲಾಶ್ ಚಿಪ್, ಇವೆರಡರ ನಡುವೆ ವ್ಯವಹಾರ ನಡೆಸುವ ಕಂಟ್ರೋಲರ್. ಇವುಗಳ ಮೇಲೆ, ಗೋದಾಮಿನ ದಾಸ್ತಾನು ಪುಸ್ತಕದಂತೆ, ಯಾವ ಕಡತ ಎಲ್ಲಿದೆ ಎಂಬುದನ್ನು ತಿಳಿಸುವ ಕಡತ ವ್ಯವಸ್ಥೆ ಇರುತ್ತದೆ. ದಾಸ್ತಾನು ಪುಸ್ತಕ ಹರಿದುಹೋದರೂ ಸರಕು ಗೋದಾಮಿನಲ್ಲಿಯೇ ಇರುತ್ತದೆ. ಗೋದಾಮೇ ಕುಸಿದರೆ ಪುಸ್ತಕವಿದ್ದೂ ಪ್ರಯೋಜನವಿಲ್ಲ. ದೋಷವು ಇವೆರಡರಲ್ಲಿ ಯಾವುದೆಂದು ತಿಳಿಯುವುದೇ ಪರೀಕ್ಷೆಯ ಉದ್ದೇಶ.

ಪ್ರಥಮತಃ ಡ್ರೈವನ್ನು ಬೇರೊಂದು ಪೋರ್ಟಿಗೆ, ಅನಂತರ ಬೇರೊಂದು ಗಣಕಯಂತ್ರಕ್ಕೆ ಸೇರಿಸಿ ನೋಡಬೇಕು. ನಡುವೆ ಹಬ್ ಅಥವಾ ಉದ್ದನೆಯ ಕೇಬಲ್ ಇದ್ದರೆ ಅದನ್ನು ತೆಗೆಯಬೇಕು. ಆ ಬಳಿಕ ವಿಂಡೋಸ್‌ನ 'ಡಿಸ್ಕ್ ಮ್ಯಾನೇಜ್‌ಮೆಂಟ್' ಪುಟವನ್ನು ತೆರೆದು ಅಲ್ಲಿ ಏನು ಕಾಣುತ್ತದೆ ಎಂಬುದನ್ನು ಗಮನಿಸಬೇಕು.

1. ಸರಿಯಾದ ಗಾತ್ರ ಕಾಣುತ್ತದೆ, ಆದರೆ ಡ್ರೈವ್ ಅಕ್ಷರವಿಲ್ಲ: ಇದು ಅತ್ಯಂತ ಸಣ್ಣ ದೋಷ. ಅಲ್ಲಿಯೇ ಹೊಸ ಅಕ್ಷರವನ್ನು ಕೊಟ್ಟರೆ ಡ್ರೈವ್ ತೆರೆಯುತ್ತದೆ.

2. ಗಾತ್ರ ಸರಿಯಿದೆ, 'ರಾ' ಎಂದು ತೋರಿಸುತ್ತದೆ: ಕಡತ ವ್ಯವಸ್ಥೆ ಕೆಟ್ಟಿರುವ ಸಂಭವ ಹೆಚ್ಚು. ಬರೆಯುತ್ತಿರುವಾಗಲೇ ಡ್ರೈವನ್ನು ಕಿತ್ತುಕೊಂಡದ್ದು ಅಥವಾ ವಿದ್ಯುತ್ ಕಡಿತವಾದದ್ದು ಇದಕ್ಕೆ ಸಾಮಾನ್ಯ ಕಾರಣ. ಇಲ್ಲಿ ದತ್ತಾಂಶ ಮರಳಿ ಸಿಗುವ ಅವಕಾಶ ಚೆನ್ನಾಗಿದೆ. 'ಟೆಸ್ಟ್‌ಡಿಸ್ಕ್', 'ಫೋಟೋರೆಕ್' ಮೊದಲಾದ ಉಚಿತ ತಂತ್ರಾಂಶಗಳು ಇದಕ್ಕೆಂದೇ ಇವೆ. ಮರಳಿ ಪಡೆದ ಕಡತಗಳನ್ನು ಅದೇ ಪೆನ್ ಡ್ರೈವ್‌ಗಲ್ಲ, ಬೇರೊಂದು ಡಿಸ್ಕಿಗೆ ಉಳಿಸಬೇಕು. ಲಿನಕ್ಸ್ ಅಥವಾ ಆಪಲ್ ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಡ್ರೈವ್ ಸಹ ವಿಂಡೋಸ್‌ನಲ್ಲಿ ತೆರೆಯದೆ ಫಾರ್ಮ್ಯಾಟ್ ಕೇಳಬಹುದು, ಅದು ದೋಷವಲ್ಲ.

3. 'ನೋ ಮೀಡಿಯಾ' ಎಂದು ತೋರಿಸುತ್ತದೆ, ಅಥವಾ ಏನೂ ಕಾಣುವುದಿಲ್ಲ: ಮೊದಲನೆಯದರಲ್ಲಿ ಕಂಟ್ರೋಲರ್ ಮಾತನಾಡುತ್ತಿದೆ, ಚಿಪ್ ಉತ್ತರಿಸುತ್ತಿಲ್ಲ. ಎರಡನೆಯದರಲ್ಲಿ ತುದಿ ಅಥವಾ ಕಂಟ್ರೋಲರ್ ಕೆಟ್ಟಿರಬಹುದು. ಇಂತಹ ಡ್ರೈವ್ ಫಾರ್ಮ್ಯಾಟ್ ಆಗುವುದಿಲ್ಲ; ಸಾಮಾನ್ಯ ತಂತ್ರಾಂಶಗಳಿಂದ ಪ್ರಯೋಜನವೂ ಇಲ್ಲ. ದತ್ತಾಂಶ ಅಮೂಲ್ಯವಾಗಿದ್ದರೆ ಪರಿಣತರ ಬಳಿಗೆ ಒಯ್ಯುವುದೊಂದೇ ಮಾರ್ಗ.

4. ತೆರೆಯುತ್ತದೆ, ಆದರೆ 'ರೈಟ್ ಪ್ರೊಟೆಕ್ಟೆಡ್' ಎಂದು ಹೇಳಿ ಫಾರ್ಮ್ಯಾಟ್ ನಿರಾಕರಿಸುತ್ತದೆ: ಕೆಲವು ಡ್ರೈವ್‌ಗಳ ಪಕ್ಕದಲ್ಲಿ ಬರೆಯುವುದನ್ನು ತಡೆಯುವ ಸಣ್ಣ ಸ್ವಿಚ್ ಇರುತ್ತದೆ, ಅದನ್ನು ಮೊದಲು ನೋಡಬೇಕು. ಒಂದು ಗಣಕಯಂತ್ರದಲ್ಲಿ ಮಾತ್ರ ಈ ತೊಂದರೆಯಿದ್ದರೆ ಆ ಯಂತ್ರದ ಭದ್ರತಾ ನಿಯಮವೇ ಕಾರಣವಿರಬಹುದು. ಎಲ್ಲ ಯಂತ್ರಗಳಲ್ಲಿಯೂ ಹೀಗೆಯೇ ಆದರೆ, ಚಿಪ್ ಸವೆದು ಕಂಟ್ರೋಲರ್ ತಾನಾಗಿಯೇ ಬೀಗ ಹಾಕಿಕೊಂಡಿರುವ ಸಂಭವವಿದೆ. ಫ್ಲಾಶ್ ಚಿಪ್ಪಿನ ಪ್ರತಿ ಕೋಶಕ್ಕೂ ಬರೆದು ಅಳಿಸುವ ಸಲಗಳ ಮಿತಿ ಇದೆ. ಓದಲು ಇನ್ನೂ ಬರುತ್ತಿರುವಾಗಲೇ ಎಲ್ಲವನ್ನೂ ನಕಲು ಮಾಡಿಕೊಳ್ಳಬೇಕು. ಇದು ಡ್ರೈವ್ ಕೊಡುವ ಕೊನೆಯ ಅವಕಾಶ.

5. ಕಡತಗಳ ಹೆಸರು ಕಾಣುತ್ತದೆ, ತೆರೆದರೆ ದೋಷ ತೋರಿಸುತ್ತದೆ: ಅಗ್ಗದ ಬೆಲೆಗೆ ಕೊಂಡ ಡ್ರೈವ್ ಆಗಿದ್ದರೆ, ನಮೂದಿಸಿದ ಸಾಮರ್ಥ್ಯ ಸುಳ್ಳಾಗಿರಬಹುದು. ನಿಜವಾದ ಸಾಮರ್ಥ್ಯ ತುಂಬಿದ ಮೇಲೆ ಬರೆದದ್ದು ಎಲ್ಲಿಯೂ ಉಳಿದಿರುವುದಿಲ್ಲ. ಹೊಸ ಡ್ರೈವನ್ನು ಬಳಕೆಗೆ ತರುವ ಮುನ್ನ ಪೂರ್ತಿ ತುಂಬಿಸಿ ಓದಿ ಪರೀಕ್ಷಿಸುವುದು ಒಳ್ಳೆಯದು.

ಎಲ್ಲ ಕೋಶಗಳೂ ಶಾರ್ಟ್‌ಕಟ್‌ಗಳಾಗಿ ಕಂಡರೆ ಅದು ವೈರಸ್ಸಿನ ಕೆಲಸ. ಮೂಲ ಕಡತಗಳು ಬಹುತೇಕ ಒಳಗೇ ಅಡಗಿರುತ್ತವೆ. ಶಾರ್ಟ್‌ಕಟ್ಟನ್ನು ಒತ್ತದೆ, ಮೊದಲು ವೈರಸ್ ತೆಗೆದು, ಅನಂತರ ಅಡಗಿದ ಕಡತಗಳನ್ನು ಹೊರತರಬೇಕು.

ಫಾರ್ಮ್ಯಾಟ್ ಮಾಡುವ ಕ್ರಮ

ದತ್ತಾಂಶ ಕೈಸೇರಿದ ಮೇಲೆ ಅಥವಾ ಬೇಡವೆಂದು ತೀರ್ಮಾನಿಸಿದ ಮೇಲೆ ಫಾರ್ಮ್ಯಾಟ್ ಮಾಡಬಹುದು. 'ಫ್ಯಾಟ್ 32' ವ್ಯವಸ್ಥೆಯಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಒಂದೇ ಕಡತವನ್ನು ಇಡಲಾಗದು. ಡ್ರೈವ್‌ನಲ್ಲಿ ಜಾಗವಿದ್ದರೂ ದೊಡ್ಡ ಬ್ಯಾಕಪ್ ಕಡತ ನಕಲಾಗದಿರುವುದಕ್ಕೆ ಇದೇ ಕಾರಣ. 'ಎಕ್ಸ್‌ಫ್ಯಾಟ್' ಅಥವಾ 'ಎನ್‌ಟಿಎಫ್‌ಎಸ್' ಆರಿಸಿದರೆ ಈ ತೊಡಕಿಲ್ಲ.

ಸಾಮಾನ್ಯ ಫಾರ್ಮ್ಯಾಟ್ ಪೂರ್ಣಗೊಳ್ಳದಿದ್ದರೆ 'ಡಿಸ್ಕ್‌ಪಾರ್ಟ್' ಎಂಬ ವಿಂಡೋಸ್ ಸೌಲಭ್ಯವಿದೆ. ಅದರಲ್ಲಿ ಡಿಸ್ಕನ್ನು ಆರಿಸಿ, 'ರೀಡ್ ಓನ್ಲಿ' ಗುಣವನ್ನು ತೆಗೆದು, 'ಕ್ಲೀನ್' ಆಜ್ಞೆ ಕೊಟ್ಟು, ಹೊಸ ವಿಭಾಗವನ್ನು ರಚಿಸಿ ಫಾರ್ಮ್ಯಾಟ್ ಮಾಡಬೇಕು. ಇಲ್ಲಿ ಡಿಸ್ಕನ್ನು ಗುರುತಿಸುವುದು ಸಂಖ್ಯೆಯಿಂದ ಮಾತ್ರ. ಸಂಖ್ಯೆ ತಪ್ಪಿದರೆ ಪೆನ್ ಡ್ರೈವ್ ಬದಲು ಕಚೇರಿಯ ಮತ್ತೊಂದು ಡಿಸ್ಕ್ ಬರಿದಾಗಬಹುದು. ಗಾತ್ರವನ್ನು ಎರಡು ಬಾರಿ ತಾಳೆ ನೋಡದೆ 'ಕ್ಲೀನ್' ಎಂದು ಬರೆಯಲೇಬಾರದು. ಈ ಆಜ್ಞೆಯೂ ವಿಫಲವಾದರೆ ಡ್ರೈವ್‌ನ ಆಯುಷ್ಯ ಮುಗಿದಿದೆ ಎಂದೇ ತಿಳಿಯಬೇಕು. ಒಮ್ಮೆ ಕೈಕೊಟ್ಟ ಡ್ರೈವ್ ಫಾರ್ಮ್ಯಾಟ್ ಆದರೂ ಲೆಕ್ಕಪತ್ರಕ್ಕೆ ಯೋಗ್ಯವಲ್ಲ.

ಡಿಜಿಟಲ್ ಸಹಿಯ ಟೋಕನ್ ಪೆನ್ ಡ್ರೈವ್ ಅಲ್ಲ

ಜಿಎಸ್‌ಟಿ, ಆದಾಯ ತೆರಿಗೆ ಮತ್ತು ಕಂಪನಿ ವ್ಯವಹಾರಗಳಲ್ಲಿ ಬಳಸುವ ಡಿಜಿಟಲ್ ಸಹಿಯ ಟೋಕನ್ ನೋಡಲು ಪೆನ್ ಡ್ರೈವ್‌ನಂತೆಯೇ ಇರುತ್ತದೆ. ಅದು ಸಾಮಾನ್ಯ ಡ್ರೈವ್‌ನಂತೆ ತೆರೆಯದಿರುವುದು ಸಹಜ. ಕೆಟ್ಟಿದೆಯೆಂದು ಭಾವಿಸಿ ಅದನ್ನು 'ಇನಿಶಿಯಲೈಸ್' ಮಾಡಿದರೆ ಒಳಗಿನ ಸಹಿ ಅಳಿದುಹೋಗುತ್ತದೆ. ಹೊಸದಾಗಿ ಪಡೆಯದೆ ಗತ್ಯಂತರವಿಲ್ಲ. ಗುಪ್ತಪದವನ್ನು ಮತ್ತೆ ಮತ್ತೆ ತಪ್ಪಾಗಿ ಕೊಟ್ಟರೂ ಟೋಕನ್ ಬೀಗಗೊಳ್ಳುತ್ತದೆ.

ಕಾನೂನಿನ ದೃಷ್ಟಿ

ಪೆನ್ ಡ್ರೈವ್ ಕೆಟ್ಟಿತೆಂಬ ಕಾರಣಕ್ಕೆ ಲೆಕ್ಕ ಕಾಪಿಡುವ ಹೊಣೆ ತಪ್ಪುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಇಟ್ಟಿರಬೇಕು. ಮೇಲ್ಮನವಿ ಮೊದಲಾದ ನಡಾವಳಿಗಳಿದ್ದರೆ ಅವಧಿ ಇನ್ನೂ ಹೆಚ್ಚಬಹುದು. ವಿದ್ಯುನ್ಮಾನ ದಾಖಲೆಗಳಿಗೆ ಸೂಕ್ತ ಬ್ಯಾಕಪ್ ಇರಬೇಕೆಂದೂ, ಅಪಘಾತದಿಂದಾಗಲಿ ನೈಸರ್ಗಿಕ ಕಾರಣಗಳಿಂದಾಗಲಿ ಅವು ನಾಶವಾದರೆ ಯುಕ್ತ ಕಾಲಾವಧಿಯೊಳಗೆ ಮಾಹಿತಿಯನ್ನು ಪುನಃ ಸ್ಥಾಪಿಸುವಂತಿರಬೇಕೆಂದೂ ಜಿಎಸ್‌ಟಿ ನಿಯಮ 57 ಹೇಳುತ್ತದೆ. ಕಂಪನಿಗಳ ಕಾಯ್ದೆ, 2013ರ 128ನೇ ಕಲಮಿನಲ್ಲಿ ಈ ಅವಧಿ 8 ಹಣಕಾಸು ವರ್ಷಗಳು. ಕಂಪನಿಗಳು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಬ್ಯಾಕಪ್ ಇಡಬೇಕೆಂದು 2022ರಲ್ಲಿ ನಿಯಮ ತಿದ್ದುಪಡಿಯಾಗಿದೆ.

ದುರಸ್ತಿಗೆ ಕೊಡುವ ಡ್ರೈವ್‌ನಲ್ಲಿ ಗ್ರಾಹಕರ ಬಾಕಿ, ನೌಕರರ ವೇತನ, ಬ್ಯಾಂಕ್ ಖಾತೆಗಳ ವಿವರ ಇರುತ್ತವೆ ಎಂಬುದನ್ನೂ ಮರೆಯಬಾರದು. ಲಿಖಿತ ರಸೀದಿ ಮತ್ತು ಗೌಪ್ಯತೆಯ ಒಪ್ಪಿಗೆ ಪಡೆಯದೆ ಕೊಡುವುದು ಹಿತವಲ್ಲ. ಕೆಟ್ಟ ಡ್ರೈವನ್ನು ಎಸೆಯುವುದಕ್ಕಿಂತ ಮೊದಲು ಅದರ ಚಿಪ್ಪನ್ನು ಒಡೆದುಹಾಕಬೇಕು.

ಮುನ್ನೆಚ್ಚರಿಕೆ

ಲೆಕ್ಕದ ಮೂಲ ಪ್ರತಿ ಗಣಕಯಂತ್ರದಲ್ಲಿಯೇ ಇರಲಿ. ಪೆನ್ ಡ್ರೈವ್ ಸಾಗಣೆಗೆ ಮಾತ್ರ ಬಳಕೆಯಾಗಲಿ. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಅಂಗಡಿಯ ಹೊರಗೆ ಇರುವುದು ಕ್ಷೇಮ. ಪ್ರತಿ ಬಾರಿಯೂ 'ಇಜೆಕ್ಟ್' ಮಾಡಿಯೇ ಡ್ರೈವನ್ನು ತೆಗೆಯಬೇಕು. ಬಳಸದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟ ಫ್ಲಾಶ್ ಚಿಪ್ ಸಹ ಕ್ರಮೇಣ ದತ್ತಾಂಶ ಕಳೆದುಕೊಳ್ಳಬಲ್ಲದು. ಆದ್ದರಿಂದ ದೀರ್ಘಕಾಲದ ಸಂಗ್ರಹಕ್ಕೆ ಅದೊಂದನ್ನೇ ನೆಚ್ಚಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಗಣಕಯಂತ್ರದಲ್ಲಿ 'ರಿಸ್ಟೋರ್' ಮಾಡಿ, ತಾಳೆಪಟ್ಟಿಯ ಮೊತ್ತ ಮೂಲದೊಂದಿಗೆ ಹೊಂದುತ್ತದೆಯೇ ಎಂದು ನೋಡಬೇಕು. ನಗದು ಪೆಟ್ಟಿಗೆಯ ಹಣವನ್ನು ದಿನವೂ ಎಣಿಸುವ ವರ್ತಕರಿಗೆ ಇದು ಹೊಸ ಪಾಠವಲ್ಲ. ಎಣಿಸಿ ನೋಡದ ಹಣದಂತೆಯೇ ತೆರೆದು ನೋಡದ ಬ್ಯಾಕಪ್ ಸಹ ಲೆಕ್ಕಕ್ಕೆ ಬಾರದು.