ಪುಟ್ಟ ಪದಗಳು, ಉದ್ದದ ವಾಕ್ಯಗಳು

ಮರಾಠಿ, ಹಿಂದಿಗಳನ್ನು ಆಟದ ಬಯಲಿನಲ್ಲಿಯೇ ಕಲಿತ ನಮ್ಮ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಎರಡು ಕಡೆ ದಿಗಿಲು ಹುಟ್ಟುವುದುಂಟು. ಒಂದು, ತಿಳಿದ ಪದಗಳೇ ಕೂಡಿ ತಿಳಿಯದ ಅರ್ಥವನ್ನು ಕೊಡುವಾಗ. ಎರಡು, ವಾಕ್ಯವು ಬೆಳೆದು ಅದರ ತಲೆ ಯಾವುದು, ಬಾಲ ಯಾವುದು ಎಂದು ತೋರದಿರುವಾಗ. ಕನ್ನಡದಲ್ಲಿ ಕಲಿತದ್ದೇ ಇದಕ್ಕೆ ಕಾರಣವೆಂದು ಕೆಲವರು ಕೊರಗುತ್ತಾರೆ. ಈ ಬೀಗದ ಕೀಲಿಕೈ ಕನ್ನಡದಲ್ಲಿಯೇ ಇದೆ.

'ಕೈ' ಎಂಬ ಪದವನ್ನು ನೋಡಿರಿ. ಕೈಹಿಡಿದನು ಎಂದರೆ ನೆರವಾದನು. ಕೈಬಿಟ್ಟನು ಎಂದರೆ ತೊರೆದನು. ಕೈಕೊಟ್ಟನು ಎಂದರೆ ಮೋಸಮಾಡಿದನು. 'ಕೊಡು' ಎಂಬುದನ್ನು ಬಲ್ಲವನೂ 'ಕೈಕೊಡು' ಎಂಬುದನ್ನು ಬೇರೆಯಾಗಿಯೇ ಕಲಿಯಬೇಕು. ಇಂಗ್ಲಿಷಿನಲ್ಲಿಯೂ ಹೀಗೆಯೇ. 'ಪುಟ್' ಎಂದರೆ ಇಡು. ಆದರೆ 'ಪುಟ್ ಆನ್' ಎಂದರೆ ತೊಡು; 'ಪುಟ್ ಔಟ್' ಎಂದರೆ ಆರಿಸು; 'ಪುಟ್ ಆಫ್' ಎಂದರೆ ಮುಂದೂಡು; 'ಪುಟ್ ಅಪ್ ವಿತ್' ಎಂದರೆ ತಾಳಿಕೊ. ಆದುದರಿಂದ ಇಂಥವನ್ನು ಬಿಡಿಸದೆ, ಒಂದೇ ಪದವೆಂಬಂತೆ, ಒಂದೊಂದು ವಾಕ್ಯದೊಡನೆ ಬರೆದುಕೊಳ್ಳಿರಿ. 'ಪುಟ್ ಆಫ್' ಎಂಬ ಅರ್ಥಕ್ಕೇ ಲ್ಯಾಟಿನ್ ಮೂಲದ 'ಪೋಸ್ಟ್‌ಪೋನ್' ಎಂಬುದೂ ಉಂಟು. ನಮ್ಮಲ್ಲಿ ತಾಳಿಕೊ, ಸಹಿಸು ಎಂಬೆರಡೂ ಇರುವಂತೆ, ಅಲ್ಲಿಯೂ ಒಂದು ಮನೆಮಾತಿಗೆ, ಇನ್ನೊಂದು ಗ್ರಂಥದ ಮಾತಿಗೆ ಹೆಚ್ಚು ಒಪ್ಪುತ್ತದೆ.

ಒಂದು ಎಚ್ಚರಿಕೆ. 'ಪುಟ್ ಔಟ್ ದ ಲ್ಯಾಂಪ್', 'ಪುಟ್ ದ ಲ್ಯಾಂಪ್ ಔಟ್' ಎರಡೂ ಸರಿ. ದೀಪದ ಬದಲು 'ಇಟ್' ಎಂಬ ಸರ್ವನಾಮ ಬಂದರೆ ಅದು ನಡುವೆಯೇ ನಿಲ್ಲಬೇಕು: 'ಪುಟ್ ಇಟ್ ಔಟ್'. ಆದರೆ 'ಪುಟ್ ಅಪ್ ವಿತ್' ಎಂಬುದು ನಡುವೆ ಸೀಳುವುದಿಲ್ಲ. ಅಲ್ಲಿ 'ಪುಟ್ ಅಪ್ ವಿತ್ ಇಟ್' ಎಂದೇ ಹೇಳಬೇಕು.

ಇನ್ನು ಮಿಶ್ರವಾಕ್ಯ. 'ದ ಮ್ಯಾಚ್ ವಿಚ್ ವಾಸ್ ಪುಟ್ ಆಫ್ ಬಿಕಾಸ್ ಇಟ್ ರೇನ್ಡ್ ವಿಲ್ ಬಿ ಪ್ಲೇಡ್ ಟುಮಾರೋ.' ಮೊದಲು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಮೂರಿವೆ: 'ವಾಸ್ ಪುಟ್ ಆಫ್', 'ರೇನ್ಡ್', 'ವಿಲ್ ಬಿ ಪ್ಲೇಡ್'. ಇವುಗಳಲ್ಲಿ 'ವಿಚ್', 'ಬಿಕಾಸ್' ಎಂಬ ಪದಗಳಿಂದ ಮೊದಲಾಗುವ ಎರಡು ಉಪವಾಕ್ಯಗಳನ್ನು ಆವರಣದಲ್ಲಿಡಿರಿ. ಉಳಿದುದೇ ಪ್ರಧಾನವಾಕ್ಯ: ಪಂದ್ಯವು ನಾಳೆ ನಡೆಯುವುದು. ಯಾವ ಪಂದ್ಯ? ಮುಂದೂಡಿದ ಪಂದ್ಯ. ಏಕೆ ಮುಂದೂಡಿದರು? ಮಳೆ ಬಂದುದರಿಂದ. ಈಗ ಕೂಡಿಸಿರಿ: 'ಮಳೆ ಬಂದುದರಿಂದ ಮುಂದೂಡಿದ ಪಂದ್ಯವು ನಾಳೆ ನಡೆಯುವುದು.' ಇಂಗ್ಲಿಷಿನಲ್ಲಿ ನಾಮಪದದ ಅನಂತರ ಬಂದ ವಿವರಣೆ ಕನ್ನಡದಲ್ಲಿ ಅದಕ್ಕೆ ಮುಂಚೆಯೇ ಬಂದು ನಿಂತಿತು. ವ್ಯತ್ಯಾಸ ಇಷ್ಟೇ.

ಪ್ರಶ್ನೆಪತ್ರಿಕೆಯ ಗದ್ಯಭಾಗದಲ್ಲಿಯೂ ಮುಂದೆ ಕಾಲೇಜಿನ ಪಠ್ಯದಲ್ಲಿಯೂ ಇಂಥ ವಾಕ್ಯಗಳೇ ಎದುರಾಗುವುವು. ದಿನಕ್ಕೊಂದನ್ನು ಹೀಗೆ ಬಿಡಿಸಿ ಮತ್ತೆ ಕೂಡಿಸಿರಿ. ತನ್ನ ನುಡಿಯ ಕಟ್ಟನ್ನು ಅರಿತವನಿಗೆ ಪರನುಡಿಯ ಕಟ್ಟು ಬಹುಕಾಲ ಒಗಟಾಗಿ ಉಳಿಯದು.